ಮೆಟ್ಸ್‌ಗರ್ ಎಂದು ಬರೆದ ಹಲಗೆ

ಅವರ ಬಿಳಿ ರಬ್ಬರ್ ಬೂಟುಗಳಲ್ಲಿ ಬಲಗಾಲಿನದಕ್ಕೆ ಹೆಬ್ಬೆರಳು ಬರುವ ಜಾಗದಲ್ಲಿ ಒಂದು ಚೌಕದ ಕಿಂಡಿ ಇತ್ತು. ಎಲುಬು ಬಿಡಿಸುವ ಚೂರಿಯಿಂದ ತಾವೇ ಕೊರೆದುಕೊಂಡದ್ದು. ಬೂದು ಉಣ್ಣೆಯ ಕಾಲುಚೀಲ ತೊಟ್ಟ ಹೆಬ್ಬೆರಳು ಅದರಿಂದ ಹೊರಗೆ ಇಣುಕುತ್ತಿತ್ತು. ಬೆರಳು ನೆಟ್ಟಗಿರಲಿಲ್ಲ, ಎಂದೋ ಮುರಿದು, ತನಗೆ ಬೇಕಾದ ಹಾಗೆ ಕೂಡಿಕೊಂಡು, ಪಕ್ಕದ ಬೆರಳಿನ ಮೇಲೆ ಹತ್ತಿ ಕುಳಿತಿತ್ತು. ಚಳಿಗಾಲದಲ್ಲಿ ಅವರು ಆ ಕಾಲನ್ನು ಎಳೆದುಕೊಂಡು ನಡೆಯುತ್ತಿದ್ದರು. ಯಾರಾದರೂ ಕೇಳಿದರೆ, "ಹಂದಿ ಬಿತ್ತು" ಎನ್ನುತ್ತಿದ್ದರು. ಹತ್ತು ವರ್ಷ ನಾನೂ ಅದನ್ನೇ ನಂಬಿದ್ದೆ.

ಸ್ಟ್ರಾಟ್‌ಫರ್ಡ್‌ನ ದೊಡ್ಡ ಶಾಪಿಂಗ್ ಸೆಂಟರಿಗೆ ಬೆನ್ನು ಹಾಕಿ ಇಪ್ಪತ್ತು ನಿಮಿಷ ನಡೆದರೆ ಸಿಗುವ ಬೀದಿಯಲ್ಲಿ ಅವರದು ಹಂದಿಮಾಂಸದ ಅಂಗಡಿ, ಗೋಡೆಗೆ ಗೋಡೆ ತಾಗಿಕೊಂಡು ನಮ್ಮ ಊಟದ ಅಂಗಡಿ, ಅದರ ಮೇಲಿನ ಫ್ಲಾಟಿನಲ್ಲಿ ನಾವು. ನಾವು ಉಡುಪಿ ಕಡೆಯ ಕ್ರೈಸ್ತರು. ಮನೆಮಾತು ಕೊಂಕಣಿ. ನಾನು ಬರೆಯುವುದು ಮಾತ್ರ ಕನ್ನಡ, ಅದು ಸಿಸ್ಟರುಗಳ ಶಾಲೆಯಲ್ಲಿ ಬೆತ್ತದ ರುಚಿಯ ಜೊತೆಗೇ ಬಂದದ್ದು. ನಮ್ಮ ಮನೆಯವರು ಗ್ರೀನ್‌ಫರ್ಡ್‌ನ ಗೋದಾಮೊಂದರಲ್ಲಿ ಹದಿನಾಲ್ಕು ವರ್ಷ ಪೆಟ್ಟಿಗೆ ಎತ್ತಿ ಸೊಂಟ ಕೆಡಿಸಿಕೊಂಡ ಮೇಲೆ ಈ ಅಂಗಡಿ ಹಿಡಿದೆವು. ಶನಿವಾರ, ಭಾನುವಾರ ಹಂದಿಮಾಂಸದ ಬಾಫಾತ್ ಎಂಬ ಖಾರದ ಸಾರು ಮತ್ತು ಇಡ್ಲಿಯಂಥ ಸಾನ್ನಾ. ಮಾಂಸ ಪಕ್ಕದ ಅಂಗಡಿಯಿಂದ.

ಮೊದಲ ದಿನವೇ ಜಗಳವಾಯಿತು. ನಮ್ಮ ಬಾಫಾತಿಗೆ ಒಂದೊಂದು ತುಂಡಿನಲ್ಲೂ ಚರ್ಮ, ಕೊಬ್ಬು, ಮಾಂಸ ಮೂರೂ ಇರಬೇಕು. ಹಾಗೆ ಕತ್ತರಿಸಿ ಕೊಡಿ ಎಂದೆ. ಅವರು ಚರ್ಮವನ್ನು ಸುಲಿದು ಬುಟ್ಟಿಗೆ ಎಸೆಯುತ್ತಿದ್ದವರು. ಇಂಗ್ಲೆಂಡಿನಲ್ಲಿ ಹಂದಿಯನ್ನು ಹಾಗೆ ಕಡಿಯುವುದಿಲ್ಲ ಎಂದರು. ನಿಮಗೆ ಕಡಿಯಲಿಕ್ಕೆ ಬರುವುದಿಲ್ಲ ಅಂತ ಹೇಳಿ ಎಂದೆ. ಅವರ ಮುಖ ಕೆಂಪಾಯಿತು. "ಒಂದು ನಿಮಿಷ, ಲವ್" ಎಂದರು. ಕೈಯಲ್ಲಿದ್ದ ಕತ್ತಿಯನ್ನು ಒರೆಸಿ, ಡ್ರಾಯರಿನಲ್ಲಿಟ್ಟು, ಡ್ರಾಯರು ಮುಚ್ಚಿ, ಎರಡೂ ಕೈಗಳನ್ನು ಕೌಂಟರಿನ ಮೇಲೆ ಅಗಲವಾಗಿ ಇಟ್ಟರು. ಆಮೇಲೆ ಬೈಯಲು ಶುರುಮಾಡಿದರು. ಅಷ್ಟು ಅಚ್ಚುಕಟ್ಟಾಗಿ ತಯಾರಿ ಮಾಡಿಕೊಂಡು ಬೈಯುವವರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಅದು ಅವರ ಅಪ್ಪನ ಕಟ್ಟಳೆ ಎಂದು ಮುಂದೆ ಗೊತ್ತಾಯಿತು. ಸಿಟ್ಟು ಬಂದರೆ ಮೊದಲು ಕತ್ತಿ ಕೆಳಗಿಡಬೇಕು. ಕೈ ಖಾಲಿಯಾದ ಮೇಲೆ ಬಾಯಿ ತೆರೆಯಬೇಕು. ಅರವತ್ತು ವರ್ಷ ಆ ಅಂಗಡಿಯಲ್ಲಿ ದುಡಿದವರು ಒಂದು ದಿನವೂ ಅದನ್ನು ಮೀರಿರಲಿಲ್ಲ. ಅವರ ಬಾಯಿ ಹೊಲಸು, ಆದರೆ ಕೈ ಚೊಕ್ಕ. ಜಗಳದ ಮರುವಾರ ನಾನು ಬಾಫಾತಿನ ಡಬ್ಬಿ ಕೊಟ್ಟೆ. ಬೆವರು ಸುರಿಸುತ್ತಾ ತಿಂದರು. ಅಲ್ಲಿಂದ ಮುಂದೆ ಪ್ರತಿ ಶನಿವಾರ ನಮ್ಮ ಮಾಂಸ ಬೆಳಿಗ್ಗೆ ಎಂಟಕ್ಕೇ ತಯಾರು, ಚರ್ಮ ಸಮೇತ.

ನಾವು ಅವರನ್ನು ಧನಿ ಎನ್ನುತ್ತಿದ್ದೆವು. ನಮ್ಮ ಕಡೆ ಯಜಮಾನರಿಗೆ ಹಾಗೆಯೇ ಹೇಳುವುದು. ಅರ್ಥ ಗೊತ್ತಾದ ಮೇಲೆ ಅವರಿಗೆ ಅದು ಬಹಳ ಹಿಡಿಸಿತು. ಅವರ ಈಸ್ಟ್ ಎಂಡ್ ಇಂಗ್ಲಿಷನ್ನು ಶುದ್ಧ ಗ್ರಾಂಥಿಕ ಕನ್ನಡಕ್ಕೆ ಹಾಕಿದರೆ ಅವರೇ ಕಾಣೆಯಾಗುತ್ತಾರೆ. ಹಾಗಾಗಿ ಅವರ ಮಾತನ್ನು ನಮ್ಮೂರಿನ ಮಾತಿನಲ್ಲೇ ಬರೆಯುತ್ತೇನೆ. ಬೈಗುಳಗಳನ್ನು ಮುಕ್ಕಾಲು ಪಾಲು ಬಿಟ್ಟಿದ್ದೇನೆ.

ನಮ್ಮ ಮಗಳು ಒಂಬತ್ತನೆಯ ತರಗತಿಯಲ್ಲಿದ್ದಾಗ, ಮನೆತನದ ಹೆಸರು ಎಲ್ಲಿಂದ ಬಂತು ಎಂದು ಬರೆದು ತರಲು ಶಾಲೆಯಲ್ಲಿ ಹೇಳಿದರು. ನಮ್ಮದು ಪೋರ್ಚುಗೀಸ್ ಪಾದ್ರಿಗಳು ತಲೆಗೆ ನೀರು ಹಾಕಿ ಕ್ರೈಸ್ತರನ್ನಾಗಿ ಮಾಡಿದಾಗ ಕೊಟ್ಟ ಹೆಸರು. ಅದಕ್ಕೆ ಮೊದಲು ನಾವು ಏನಾಗಿದ್ದೆವು ಎಂದು ಯಾರಿಗೂ ಗೊತ್ತಿಲ್ಲ ಎಂದೆ. "ದಟ್ಸ್ ಇಟ್?" ಎಂದಳು ಮಗಳು. ಕೊಂಕಣಿಯಲ್ಲಿ ಬೈದರೂ ಕನ್ನಡದಲ್ಲಿ ಮುದ್ದು ಮಾಡಿದರೂ ಉತ್ತರ ಇಂಗ್ಲಿಷಿನಲ್ಲೇ. ಎರಡು ಸಾಲಿಗೆ ಹೋಮ್‌ವರ್ಕ್ ಮುಗಿಯಿತಲ್ಲ ಎಂಬ ಬೇಸರದಲ್ಲಿ ಅವಳು ಪಕ್ಕದ ಅಂಗಡಿಗೆ ಹೋಗಿ ಧನಿಯನ್ನು ಕೇಳಿದಳು. ಅವರ ಅಂಗಡಿಯ ಮೇಲಿದ್ದದ್ದು ಅಪ್ಪಟ ಇಂಗ್ಲಿಷ್ ಹೆಸರು. ಅವರು ಟಾರ್ಚು ಕೊಟ್ಟು, "ಕೌಂಟರಿನ ಅಡಿಗೆ ಹೋಗಿ ಮಲಗಿ ಮೇಲೆ ನೋಡು" ಎಂದರಂತೆ. ಅವಳು ಓಡಿ ಬಂದು ನನ್ನನ್ನೂ ಎಳೆದುಕೊಂಡು ಹೋದಳು. ಈ ವಯಸ್ಸಿನಲ್ಲಿ ನಾನು ಮಾಂಸದಂಗಡಿಯ ನೆಲದ ಮೇಲೆ ಅಂಗಾತ ಮಲಗಿದೆ.

ತಕ್ಕಡಿ ಇಡುವ ಹಲಗೆಯ ಅಡಿಮುಖದಲ್ಲಿ ಅಕ್ಷರಗಳಿದ್ದವು. ಕಪ್ಪು ಬಣ್ಣದ ಮೇಲೆ ಮಾಸಿದ ಚಿನ್ನದ ಬಣ್ಣ. ಮೆಟ್ಸ್‌ಗರ್.

"ಅದು ನನ್ನ ಹೆಸರು. ಇರಬೇಕಾಗಿದ್ದ ಹೆಸರು" ಎಂದರು ಧನಿ ಮೇಲಿನಿಂದ.

ಜರ್ಮನಿಯ ದಕ್ಷಿಣದಲ್ಲಿ ಮೆಟ್ಸ್‌ಗರ್ ಎಂದರೆ ಕಸಾಯಿಯವನು. ಅದೇ ಕಸುಬಿನವನನ್ನು ಪೂರ್ವದ ಕಡೆ ಫ್ಲೈಷರ್ ಎಂದರು, ಉತ್ತರದಲ್ಲಿ ಶ್ಲಾಖ್ಟರ್ ಎಂದರು, ಮತ್ತೆ ಕೆಲವು ಊರುಗಳಲ್ಲಿ ಎಲುಬು ಕಡಿಯುವವನು ಎಂದೇ ಕರೆದರು. ಹೆಸರು ಕೇಳಿದರೆ ಸಾಕು, ಅವನ ಹಿರಿಯರು ಯಾವ ದಿಕ್ಕಿನಲ್ಲಿ ಕತ್ತಿ ಮಸೆದರು ಎಂದು ಹೇಳಬಹುದಂತೆ. ಒಂದೇ ಬೀದಿಯಲ್ಲಿ ಹತ್ತು ಮಂದಿ ಯೋಹಾನ್‌ಗಳಿದ್ದ ಕಾಲದಲ್ಲಿ ಪಟ್ಟಣದ ಗುಮಾಸ್ತರು ಗುರುತಿಗೆಂದು ಕಸುಬನ್ನು ಹೆಸರಿನ ಮುಂದೆ ಬರೆದುಕೊಂಡರು. ಅಪ್ಪ ಸತ್ತ, ಮಗ ಬಂದ, ಗುರುತು ಹೋಗಲಿಲ್ಲ. ನಮ್ಮ ಹುಬ್ಬಳ್ಳಿ ಧಾರವಾಡದ ಕಡೆ ಬಡಿಗೇರ, ಕಮ್ಮಾರ, ಪತ್ತಾರ ಎಂದು ಇರುವ ಹಾಗೆ. ಸಾಸೇಜು ಮಾಡುವವನಿಗೆ ಲ್ಯಾಟಿನ್ನಿನಲ್ಲಿದ್ದ ಯಾವುದೋ ಹಳೆಯ ಪದದಿಂದ ಮೆಟ್ಸ್‌ಗರ್ ಬಂದಿರಬೇಕು ಎಂದು ತಿಳಿದವರು ಹೇಳುತ್ತಾರಂತೆ. ಧನಿ ಇದನ್ನೆಲ್ಲ ಲೈಬ್ರರಿಯಲ್ಲಿ ಕುಳಿತು ಓದಿದ್ದರು. ಅವರು ಲೈಬ್ರರಿಗೆ ಹೋಗುವವರು ಎಂಬುದೇ ನನಗೆ ದೊಡ್ಡ ಸುದ್ದಿ.

ಮಗಳಿಗೆ ಹಿಡಿಸಿದ್ದು ಕೊಂಬಿನ ಕತೆ. ದನ, ಹಂದಿ ಕೊಳ್ಳಲು ಕಸಾಯಿಯವರು ಊರೂರು ತಿರುಗುತ್ತಿದ್ದರಲ್ಲ, ಅಂಚೆಯವರಿಲ್ಲದ ಆ ಕಾಲದಲ್ಲಿ ಕಾಗದಗಳನ್ನು ಒಯ್ಯುವ ಕೆಲಸವೂ ಅವರ ಪಾಲಿಗೆ ಬಂತು. ಊರು ಹತ್ತಿರವಾದಾಗ ಕೊಂಬು ಊದುತ್ತಿದ್ದರು. ಅಂದಿನಿಂದ ಶನಿವಾರ ಬೆಳಿಗ್ಗೆ ನಮ್ಮ ಮಾಂಸ ತಯಾರಾದರೆ ಧನಿ ಗೋಡೆಯ ಆಚೆಯಿಂದ ಕೈಯನ್ನು ಬಾಯಿಗೆ ಹಿಡಿದು ಪೋಂ ಎಂದು ಕೂಗುವರು. ಗಿರಾಕಿಗಳು ಬೆಚ್ಚಿಬೀಳುವರು.

ಹಲಗೆ ತಲೆಕೆಳಗಾದ ಕತೆಗೆ ಮಾತ್ರ ನಗು ಇರಲಿಲ್ಲ. ಅವರ ಅಜ್ಜ ದಕ್ಷಿಣ ಜರ್ಮನಿಯ ಹೋಹೆನ್ಲೋಹೆ ಎಂಬ ಸೀಮೆಯಿಂದ ಬಂದವರು. ಆ ಕಡೆಯ ರೈತರ ಮಕ್ಕಳು ಬಹಳ ಮಂದಿ ಇಂಗ್ಲೆಂಡಿಗೆ ಬಂದು ಹಂದಿಮಾಂಸದ ಅಂಗಡಿ ಇಟ್ಟರು. ಅಜ್ಜ ಇಲ್ಲಿಯ ಹುಡುಗಿಯನ್ನು ಮದುವೆಯಾದರು, ಇಲ್ಲಿಯ ಇಗರ್ಜಿಗೆ ಹೋದರು. ಮೊದಲ ಮಹಾಯುದ್ಧ ಬಂತು. ಜರ್ಮನರು ಒಂದು ಪ್ರಯಾಣಿಕರ ಹಡಗನ್ನು ಮುಳುಗಿಸಿದ ವಾರ ಲಂಡನ್ನಿನ ಈ ಭಾಗದಲ್ಲಿ ಜರ್ಮನ್ ಹೆಸರಿನ ಅಂಗಡಿಗಳನ್ನು ಜನ ಒಡೆಯತೊಡಗಿದರು. ಅಜ್ಜ ಹಿಂದಿನ ಸಂಜೆಯೇ ಬೋರ್ಡು ಇಳಿಸಿ ಕೌಂಟರಿನ ಅಡಿಗೆ ತಳ್ಳಿದರು. ಏಳು ವರ್ಷದ ಮಗನನ್ನು ಅದರ ಮೇಲೆ ಮಲಗಿಸಿ ಗೋಣಿ ಹೊದಿಸಿದರು. ಆ ಮಗ ಧನಿಯ ಅಪ್ಪ.

"ಬೋರ್ಡು ಇಳಿಸಿ ಎಂತ ಪ್ರಯೋಜನ?" ಎಂದರು ಧನಿ. "ಬಂದವರಿಗೆ ಬೋರ್ಡು ಓದುವ ಅಗತ್ಯ ಇರ್ಲಿಲ್ಲ. ಎಲ್ಲ ಇದೇ ಬೀದಿಯವ್ರು. ಶನಿವಾರ ಶನಿವಾರ ಅಜ್ಜನ ಸಾಸೇಜು ತಿಂದವ್ರು."

ಮೇಲಿನ ಕಿಟಕಿಯಿಂದ ಹೊಲಿಗೆಯಂತ್ರ ಬಿತ್ತು, ತೊಟ್ಟಿಲು ಬಿತ್ತು, ಹಾಸಿಗೆ ಹರಿದು ಬೀದಿಯೆಲ್ಲ ಗರಿಯಾಯಿತು. ಹೆಂಗಸರು ಉಪ್ಪು ಹಾಕಿದ ಹಂದಿಯ ತೊಡೆಗಳನ್ನು ಏಪ್ರನ್ನಿನಲ್ಲಿ ಕಟ್ಟಿಕೊಂಡು ಹೋದರು. ನಾಲ್ಕು ಗಂಡಸರು ಅಜ್ಜನ ಕುತ್ತಿಗೆ ಹಿಡಿದು, ಮಾಂಸ ನೆನೆಹಾಕಿದ ಉಪ್ಪುನೀರಿನ ಪೀಪಾಯಿಯಲ್ಲಿ ಮುಖ ಅದ್ದಿದರು. ಎತ್ತಿದರು, ಮತ್ತೆ ಅದ್ದಿದರು. ಪಕ್ಕದ ಮನೆಯ ಹೆಂಗಸು ಮಾಂಸ ತೂಗುಹಾಕುವ ಕೊಕ್ಕೆಯಿಂದ ಅವರ ಕೆನ್ನೆ ಸೀಳಿದಳು. ಗೋಣಿಯ ಅಡಿಯಿಂದ ಮಗ ಎಲ್ಲವನ್ನೂ ನೋಡಿದ. ಪೊಲೀಸರು ಬಂದವರು ಅಜ್ಜನನ್ನೇ ಕೊಂಡೊಯ್ದರು. ಜರ್ಮನರನ್ನು ಕೂಡಿಹಾಕಲು ಸ್ಟ್ರಾಟ್‌ಫರ್ಡ್‌ನಲ್ಲೇ ಒಂದು ಹಳೆಯ ಸೆಣಬಿನ ಕಾರ್ಖಾನೆಯನ್ನು ಬಂದೀಖಾನೆ ಮಾಡಿದ್ದರು. ಯುದ್ಧ ಮುಗಿದ ಮೇಲೆ ಅಜ್ಜನನ್ನು ಜರ್ಮನಿಗೆ ಹಡಗು ಹತ್ತಿಸಿದರು. ಅವರು ಅಲ್ಲಿಯೇ ತೀರಿಕೊಂಡರು. ಅಜ್ಜಿ ತನ್ನ ತವರಿನ ಹೆಸರಿನಲ್ಲಿ ಅಂಗಡಿ ತೆರೆದಳು. ಮಗ ದೊಡ್ಡವನಾಗಿ ಆ ಹೆಸರನ್ನೇ ಹಾಕಿಕೊಂಡು, ಹಳೆಯ ಬೋರ್ಡನ್ನು ತಲೆಕೆಳಗು ಮಾಡಿ ಕೌಂಟರಿಗೆ ಸ್ಕ್ರೂ ಹಾಕಿದ. ಮೇಲೆ ತಕ್ಕಡಿ ಇಟ್ಟ. ಸಾಯುವವರೆಗೂ ಬಾಯಿ ಬಿಡಲಿಲ್ಲ. ಅಪ್ಪನ ಮರಣದ ನಂತರ ಕೌಂಟರು ರಿಪೇರಿ ಮಾಡುವಾಗ ಧನಿಗೆ ಅಕ್ಷರಗಳು ಕಂಡವು. ಆಗ ಇನ್ನೂ ಬದುಕಿದ್ದ ಸೋದರತ್ತೆ ಉಳಿದದ್ದನ್ನು ಹೇಳಿದರು.

ಮಗಳಿಗೆ ಹೋಮ್‌ವರ್ಕಿನಲ್ಲಿ ಒಳ್ಳೆಯ ಮಾರ್ಕು ಬಂತು. ನಾನು ಮನಸ್ಸಿನಲ್ಲೇ ಧನಿಗೆ ಒಂದು ಎತ್ತರದ ಪೀಠ ಹಾಕಿಕೊಟ್ಟೆ. ನೊಂದ ಮನೆಯವರು, ನಮ್ಮ ನೋವು ಅರ್ಥವಾಗುವವರು ಎಂದುಕೊಂಡೆ. ಅದು ನನ್ನ ಪೆದ್ದುತನ.

ಆ ಚಳಿಗಾಲದ ಒಂದು ದಿನ ನಮ್ಮ ಮನೆಯವರು ಧನಿಯ ಅಂಗಡಿಯಲ್ಲಿ ಯಾವುದಕ್ಕೋ ಜೋರಾಗಿ ನಕ್ಕರು. ಮುಂದಿನ ಎರಡು ಕಟ್ಟಿಸಿದ ಹಲ್ಲುಗಳು ಜಾರಿ ಕೌಂಟರಿನ ಮೇಲೆ ಬಿದ್ದವು. ಧನಿಯೂ ನಗುತ್ತಾ, ಇಷ್ಟು ಸಣ್ಣ ವಯಸ್ಸಿಗೆ ಹಲ್ಲು ಎಲ್ಲಿ ಕಳೆದುಕೊಂಡೆ ಎಂದು ಕೇಳಿದರು. ಲಂಡನ್ನಿಗೆ ಬಂದ ಮೊದಲ ವರ್ಷ, ಬಸ್ ಸ್ಟಾಪಿನಲ್ಲಿ, ಮೂರು ಮಂದಿ ಸೇರಿ ಬೂಟಿನಿಂದ ಉದುರಿಸಿದರು ಎಂದರು ಇವರು. ಹಲ್ಲನ್ನು ನಲ್ಲಿಯಲ್ಲಿ ತೊಳೆದು ಮತ್ತೆ ಸಿಕ್ಕಿಸಿಕೊಂಡರು. ಧನಿ ಆಮೇಲೆ ನಗಲಿಲ್ಲ.

ಮರು ಶನಿವಾರ ಪೋಂ ಎಂಬ ಕೂಗು ಬರಲಿಲ್ಲ. ನಾನೇ ಹೋದೆ. ಅವರು ಕತ್ತಿಗಳನ್ನೆಲ್ಲ ಡ್ರಾಯರಿನಲ್ಲಿಟ್ಟು, ಎರಡೂ ಕೈಗಳನ್ನು ಕೌಂಟರಿನ ಮೇಲೆ ಇಟ್ಟುಕೊಂಡು ಕಾಯುತ್ತಿದ್ದರು. ನನಗೆ ಬೈಯುತ್ತಾರೆ ಎಂದುಕೊಂಡೆ.

"ಲವ್, ನನ್ನ ಕಾಲಿನ ಮೇಲೆ ಹಂದಿ ಬಿದ್ದದ್ದಲ್ಲ" ಎಂದರು.

ಆಗ ಅವರಿಗೆ ಇಪ್ಪತ್ತೈದರ ಆಸುಪಾಸು. ಪಬ್ಬಿನಿಂದ ಅವರೂ ಸೇರಿ ಐದು ಮಂದಿ ಹೊರಟವರು, ಕೆಲಸ ಮುಗಿಸಿ ಬರುತ್ತಿದ್ದ ಒಬ್ಬ ನಮ್ಮ ದೇಶದ ಕಡೆಯ ಮನುಷ್ಯನನ್ನು ರೈಲ್ವೆ ಸೇತುವೆಯ ಅಡಿಯಲ್ಲಿ ಹಿಡಿದರು. ಬಂಗಾಳದವನೋ, ಪಂಜಾಬಿನವನೋ, ಧನಿಗೆ ಗೊತ್ತಿಲ್ಲ. ಗೊತ್ತುಮಾಡಿಕೊಳ್ಳುವ ಅಗತ್ಯ ಕಾಣಲಿಲ್ಲ. ಕೈಯಲ್ಲಿ ಸ್ಟೀಲಿನ ಬುತ್ತಿ ಇತ್ತು. ಅದು ಬಿದ್ದು ಉಳಿದ ಅನ್ನ ಚೆಲ್ಲಿತು. ಅವನು ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡು ಮಲಗಿಬಿಟ್ಟ. ಧನಿ ತಮ್ಮ ಹೆಬ್ಬೆರಳು ಮುರಿಯುವವರೆಗೆ ಒದ್ದರು. ಮುರಿದ ಮೇಲೆಯೂ ಒದ್ದರು.

"ಅವ ಬದುಕಿದನಾ?" ಎಂದು ಕೇಳಿದೆ.

"ಗೊತ್ತಿಲ್ಲ. ನಾನು ಓಡಿದೆ. ಮನೆಗೆ ಬಂದಾಗ ಅಂಗಿಯಲ್ಲಿ ರಕ್ತ ಇತ್ತು. ಅಪ್ಪ ಎಂತ ಆಯ್ತು ಅಂತ ಕೇಳ್ಲಿಲ್ಲ. ಅಂಗಿ ಬಿಚ್ಚಿಸಿದ್ರು. ತಣ್ಣೀರಿಗೆ ಉಪ್ಪು ಹಾಕಿ ಬಕೆಟಿನಲ್ಲಿ ನೆನೆಸಿದ್ರು, ಆ ಕೌಂಟರಿನ ಹತ್ರ ಕೂತು ತಾವೇ ತಿಕ್ಕಿದ್ರು. ತಿಕ್ಕುವಾಗ ಅವರ ಕೈ ನಡುಗ್ತಾ ಇತ್ತು. ನನ್ನ ಮೇಲೆ ಸಿಟ್ಟು ಅಂತ ತಿಳ್ಕೊಂಡೆ. ಹಲಗೆ ಸಿಕ್ಕಿದ ಮೇಲೆ ಗೊತ್ತಾಯ್ತು ಅವರಿಗೆ ಹೆದರಿಕೆ ಅಂತ. ನನ್ನನ್ನೇ ಕಂಡು ಹೆದರಿಕೆ."

ಹಲಗೆ ಸಿಕ್ಕಿದ ಮೇಲೆ ಅವರು ಆ ಸೇತುವೆಯ ಸುತ್ತಿನ ಬೀದಿಗಳಲ್ಲಿ, ಮಸೀದಿಯ ಬಾಗಿಲಲ್ಲಿ, ಗುರುದ್ವಾರದ ಬಾಗಿಲಲ್ಲಿ ವಿಚಾರಿಸಿದರಂತೆ. ಹೆಸರು ಗೊತ್ತಿಲ್ಲದವನನ್ನು ಏನೆಂದು ವಿಚಾರಿಸುವುದು? ನಿನ್ನ ಗಂಡನಿಗೆ ನೀನೇ ಹೇಳು, ನನಗೆ ಹೇಳಲು ಬಾಯಿ ಬರುವುದಿಲ್ಲ ಎಂದರು.

ನಾನು ಅಂದು ಮಾಂಸ ತೆಗೆದುಕೊಳ್ಳಲಿಲ್ಲ. ನಿಮ್ಮ ಕೈ ಮುಟ್ಟಿದ್ದನ್ನು ನಾನು ಬೇಯಿಸುವುದಿಲ್ಲ ಎಂದು ಮುಖಕ್ಕೆ ಹೇಳಿ ಬಂದೆ. ಹೇಸಿಗೆಯಾಗಿತ್ತು. ನಮ್ಮ ಮನೆಯವರು ಕೇಳಿ ಒಂದು ಗಂಟೆ ನಾಲಿಗೆಯಿಂದ ಆ ಎರಡು ಹಲ್ಲುಗಳನ್ನು ದೂಡುತ್ತಾ ಕುಳಿತರು. ಆರು ತಿಂಗಳು ನಾವು ಟೂಟಿಂಗ್‌ನಿಂದ ಮಾಂಸ ತಂದೆವು, ಟ್ಯೂಬಿನಲ್ಲಿ, ಲಂಡನ್ನಿನ ಆ ತುದಿಯಿಂದ ಈ ತುದಿಗೆ. ಚೀಲದಿಂದ ರಕ್ತ ತೊಟ್ಟಿಕ್ಕಿ ಜನ ನಮ್ಮನ್ನು ಕೆಟ್ಟದಾಗಿ ನೋಡುತ್ತಿದ್ದರು. ಧನಿ ಬಾಗಿಲಲ್ಲಿ ನಿಂತಿದ್ದರೆ ನಾನು ಮುಖ ತಿರುಗಿಸುತ್ತಿದ್ದೆ. ಅವರು ಒಂದು ಸಲವೂ ಮಾತಾಡಿಸಲು ಬರಲಿಲ್ಲ.

ಹಾಗೆ ಬೇಸಿಗೆ ಬಂತು. ಎಲ್ಲೋ ದೂರದ ಊರಿನಲ್ಲಿ ನಡೆದ ಕೊಲೆಯನ್ನು ವಲಸೆ ಬಂದವನೊಬ್ಬ ಮಾಡಿದ ಎಂಬ ಸುಳ್ಳು ಸುದ್ದಿ ಫೋನಿನಿಂದ ಫೋನಿಗೆ ಹಾರಿ, ವಲಸೆ ಬಂದವರ ಅಂಗಡಿಗಳನ್ನು ಒಡೆಯುವ ಗುಂಪುಗಳು ಹುಟ್ಟಿಕೊಂಡವು. ಒಂದು ಬುಧವಾರ ನಮ್ಮ ಬೀದಿಯ ಹೆಸರೂ ಫೋನಿನಲ್ಲಿ ಬಂತು. ಮಧ್ಯಾಹ್ನದ ಹೊತ್ತಿಗೆ ಅಕ್ಕಪಕ್ಕದವರು ಕಿಟಕಿಗಳಿಗೆ ಪ್ಲೈವುಡ್ ಬಡಿಯುತ್ತಿದ್ದರು. ನಮ್ಮ ಮನೆಯವರು ಏಣಿ ಹತ್ತಿ ಬೋರ್ಡು ಇಳಿಸುತ್ತಿದ್ದರು. ಬೋರ್ಡಿನಲ್ಲಿ ಮಂಗಳೂರು ಎಂದು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಇತ್ತು.

ಧನಿ ಕಾಲೆಳೆದುಕೊಂಡು ಬಂದರು. "ಇಳಿಸು, ಬೇಡ ಅನ್ನುವುದಿಲ್ಲ. ನನ್ನ ಅಜ್ಜನೂ ಇಳಿಸಿದ್ದ. ಆದ್ರೆ ಮೇಲಿನ ಫ್ಲಾಟಿನಲ್ಲಿ ಮಾತ್ರ ಇರ್ಬೇಡಿ. ಬೆಂಕಿ ಕೊಟ್ರೆ ಇಳೀಲಿಕ್ಕೆ ದಾರಿ ಇಲ್ಲ. ನನ್ನ ಅಂಗಡಿಯ ಹಿಂದಿನ ಬಾಗಿಲು ಓಣಿಗೆ ತೆರೀತದೆ. ಅಲ್ಲಿ ಬನ್ನಿ" ಎಂದರು. ನನ್ನ ಕಡೆ ನೋಡಿ, "ನನ್ನ ಹತ್ರ ಮಾತಾಡ್ಬೇಕು ಅಂತ ಇಲ್ಲ" ಎಂದರು.

ಮಗಳ ಮುಖ ನೋಡಿ ಹೋದೆ. ಬೇರೆ ಕಾರಣವಿರಲಿಲ್ಲ.

ಒಳಗೆ ಧನಿ ನೆಲದ ಮೇಲೆ ಮಲಗಿ ಕೌಂಟರಿನ ಅಡಿಯಲ್ಲಿ ಸ್ಕ್ರೂ ಬಿಚ್ಚುತ್ತಿದ್ದರು. ಆರು ತಿಂಗಳ ಮೌನ ಮುರಿದು, "ಎಂತ ಮಾಡ್ತಾ ಇದ್ದೀರಿ?" ಎಂದು ಕೇಳಿದೆ.

"ಎದುರಿಗೆ ಇಡುವ ಅಂತ."

"ಹುಚ್ಚಾ ನಿಮಗೆ? ನಾವು ಇಳಿಸುವ ದಿನವೇ ನಿಮಗೆ ಏರಿಸ್ಬೇಕಾ?"

"ನೂರು ವರ್ಷ ಲೇಟಾಯ್ತು, ಲವ್. ಇನ್ನು ಯಾವಾಗ?"

ಹಲಗೆಯನ್ನು ಒರೆಸಿ, ಸಾಸೇಜು ಇಡುವ ಸ್ಟೀಲಿನ ತಟ್ಟೆಯ ಮೇಲೆ, ಗಾಜಿಗೆ ಒರಗಿಸಿ, ಬೀದಿಗೆ ಮುಖ ಮಾಡಿ ಇಟ್ಟರು.

ಏಳು ಗಂಟೆಗೆ ಬಂದರು. ಬೇಸಿಗೆಯ ಬಿಸಿಲು ಇನ್ನೂ ಇತ್ತು, ಎಲ್ಲ ಚೆನ್ನಾಗಿ ಕಾಣುತ್ತಿತ್ತು. ನಲವತ್ತು ಮಂದಿ ಇರಬಹುದು, ಕೆಲವರ ಮುಖಕ್ಕೆ ಬಟ್ಟೆ. ಬೋರ್ಡು ಇಲ್ಲದ ನಮ್ಮ ಅಂಗಡಿಯ ಎದುರೇ ಮೊದಲು ನಿಂತರು. ಮೊದಲ ಕಲ್ಲಿಗೆ ಗಾಜು ಒಡೆಯಿತು. ಆಮೇಲೆ ಕುರ್ಚಿಗಳು, ಸಾನ್ನಾ ಬೇಯಿಸುವ ತೊಂದೂರು, ಗೋಡೆಯ ಮೇಲಿದ್ದ ಮಾತೆಯ ಪಟ, ಒಂದೊಂದೇ ಬೀದಿಗೆ ಬಂದವು. ಪಟವನ್ನು ಒಬ್ಬ ಬೂಟಿನಿಂದ ತುಳಿದ.

ನಮ್ಮ ಮನೆಯವರು ಸಾಧು ಮನುಷ್ಯ. ಹಲ್ಲು ಹೋದ ದಿನವೂ ಕೈ ಎತ್ತಿರಲಿಲ್ಲ. ಆ ಹೊತ್ತಿನಲ್ಲಿ ಅವರು ಎಲುಬು ಕಡಿಯುವ ದೊಡ್ಡ ಕತ್ತಿಯನ್ನು ಕೊರಡಿನಿಂದ ಕಿತ್ತು ಬಾಗಿಲಿಗೆ ಓಡಿದರು. ಕೊಲ್ಲಲು ಹೋಗುತ್ತಿದ್ದಾರೆ ಎಂದು ಕಣ್ಣಿನಲ್ಲೇ ಗೊತ್ತಾಯಿತು. ಧನಿ ಬಾಗಿಲಿಗೆ ಅಡ್ಡ ನಿಂತು ಇವರ ಮಣಿಕಟ್ಟು ಹಿಡಿದರು. ಎಪ್ಪತ್ತೈದರ ಮುದುಕನ ಕೈ, ಆದರೆ ಅರವತ್ತು ವರ್ಷ ಹಂದಿ ಹೊತ್ತ ಕೈ.

"ಬಿಡಿ ನನ್ನನ್ನು!" ಎಂದರು ಇವರು. "ನಿಮಗೆ ಎಂತ ಗೊತ್ತುಂಟು? ನೀವೂ ಅವರ ಹಾಗೇ ಒದ್ದವರು!"

"ಹೌದು. ಅದಕ್ಕೇ ಹೇಳುವುದು. ಕತ್ತಿ ಕೆಳಗಿಡು."

"ಬಿಡಿ ಅಂದೆ!"

"ಆ ದಿನ ನನ್ನ ಕೈಯಲ್ಲಿ ಕತ್ತಿ ಇದ್ದಿದ್ರೆ ಅವನ ಗತಿ ಎಂತ? ಕೆಳಗಿಡು, ಮಗಾ. ನಿನ್ನ ಹುಡುಗಿ ನೋಡ್ತಾ ಇದ್ದಾಳೆ."

ಮಗಳು ಮಾಂಸ ಇಡುವ ಕೋಲ್ಡ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. "ಪಪ್ಪಾ, ಬೇಡ" ಎಂದಳು. ಇಂಗ್ಲಿಷಿನಲ್ಲಲ್ಲ. ಇವರ ಬೆರಳುಗಳು ಸಡಿಲವಾದವು. ಧನಿ ಕತ್ತಿ ತೆಗೆದುಕೊಂಡು, ಅಂಥ ಹೊತ್ತಿನಲ್ಲೂ ಒರೆಸಿ, ಡ್ರಾಯರಿನಲ್ಲಿಟ್ಟು ಬೀಗ ಹಾಕಿದರು. ಬೀಗದ ಕೈಯನ್ನು ನನ್ನ ಕೈಗೆ ಕೊಟ್ಟರು. ಆಮೇಲೆ ಖಾಲಿ ಕೈಯಲ್ಲಿ, ರಕ್ತದ ಕಲೆಯ ಏಪ್ರನ್ನಿನಲ್ಲೇ, ಕಿಂಡಿಯ ಬೂಟಿನಲ್ಲಿ ಹೊರಗೆ ಹೋದರು.

ಬಿಳಿಯ ಮುದುಕ, ಗುಂಪಿಗೆ ಏನು ಮಾಡುವುದೆಂದು ತಿಳಿಯಲಿಲ್ಲ. ಒಬ್ಬ ಕಿಟಕಿಯ ಹಲಗೆಯನ್ನು ತಡವರಿಸಿ ಓದಿ, ಇದು ಯಾವ ದೇಶದ ಹೆಸರು, ನೀನು ಎಲ್ಲಿಯವನು ಎಂದು ಕೂಗಿದ.

"ಈ ಬೀದಿಯವ. ಇವರೂ ಈ ಬೀದಿಯವ್ರು" ಎಂದರು ಧನಿ. ಮುಖಕ್ಕೆ ಬಟ್ಟೆ ಕಟ್ಟಿದ್ದ ಇನ್ನೊಬ್ಬನ ಕಡೆ ಬೆರಳು ತೋರಿಸಿದರು. "ನಿನ್ನ ಮುಖ ಮುಚ್ಚಿ ಎಂತ ಆಯ್ತು? ಶನಿವಾರಕ್ಕೆ ನೀನು ಹೇಳಿದ ಬೇಕನ್ ಒಳಗೆ ಉಂಟು. ನಿನ್ನ ಅಮ್ಮನಿಗೆ ನಾನೇ ಹೇಳ್ತೇನೆ."

ಆ ಮನುಷ್ಯ ಹಿಂದೆ ಸರಿದ. ಅವನ ಪಕ್ಕದವನು ಇಟ್ಟಿಗೆ ಎಸೆದ. ಅದು ಧನಿಯ ಹುಬ್ಬಿನ ಮೇಲೆ ಬಡಿಯಿತು. ಎರಡನೆಯದು ಗಾಜು ಒಡೆದು ಹಲಗೆಯನ್ನು ಸೀಳಿತು. ಅವರು ಮಂಡಿಯೂರಿದರು, ಬಿದ್ದರು. ಇಬ್ಬರು ಬಂದು ಒದೆಯತೊಡಗಿದರು. ಅವರು ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡದ್ದನ್ನು ನಾನು ನೋಡಿದೆ. ಸೇತುವೆಯ ಅಡಿಯ ಆ ಮನುಷ್ಯ ಹೇಗೆ ಮಲಗಿದ್ದ ಎಂದು ಅವರು ಹೇಳಿದ್ದರೋ ಅದೇ ರೀತಿ.

ನಾನು ಕ್ಷಮಿಸಿ ಹೋದವಳಲ್ಲ. ಆದರೆ ಅದನ್ನು ನೋಡಿಕೊಂಡು ಒಳಗೆ ನಿಲ್ಲಲು ಆಗಲಿಲ್ಲ. ಕೊಂಕಣಿಯಲ್ಲಿ ಬಾಯಿಗೆ ಬಂದದ್ದನ್ನೆಲ್ಲ ಅರಚುತ್ತಾ ಓಡಿ ಅವರ ತಲೆಯ ಮೇಲೆ ಬಿದ್ದೆ. ಎರಡು ಒದೆ ನನ್ನ ಬೆನ್ನಿಗೂ ಬಿತ್ತು. ನಮ್ಮ ಮನೆಯವರು ಖಾಲಿ ಕೈಯಲ್ಲಿ ಬಂದು, ನಮ್ಮಿಬ್ಬರನ್ನೂ ಎಳೆದು ಒಳಗೆ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ಪೊಲೀಸರ ಸೈರನ್ ಕೇಳಿಸಿದ ಮೇಲೆ ಬೀದಿ ಖಾಲಿಯಾಯಿತು. ಒಳಗೆ ಬಂದ ಪೊಲೀಸರು ಮೊದಲು ಕೇಳಿದ್ದು, ಇಲ್ಲಿ ಯಾರ ಕೈಯಲ್ಲಾದರೂ ಆಯುಧವಿದೆಯೇ ಎಂದು. ಇಲ್ಲ ಎಂದು ಸುಳ್ಳಿಲ್ಲದೆ ಹೇಳುವಂತೆ ಮಾಡಿದವರು ನೆಲದ ಮೇಲೆ ಬಿದ್ದಿದ್ದರು. ಬೀಗದ ಕೈ ಇನ್ನೂ ನನ್ನ ಮುಷ್ಟಿಯಲ್ಲಿತ್ತು.

ಕಾಲರ್ ಎಲುಬು, ನಾಲ್ಕು ಪಕ್ಕೆಲುಬು, ಹುಬ್ಬಿಗೆ ಹೊಲಿಗೆ. ಆಸ್ಪತ್ರೆಯಲ್ಲಿ ಎರಡನೆಯ ದಿನ ಕಣ್ಣು ತೆರೆದು ಅವರು ಮೊದಲು ಕೇಳಿದ್ದು, "ಒದ್ದವ ಕುಂಟುತ್ತಾ ಹೋದನಾ, ನೋಡಿದಿಯಾ?"

"ಎಂತಕ್ಕೆ?"

"ಹೆಬ್ಬೆರಳು ಮುರಿದಿದ್ರೆ ಪಾಪ, ಇನ್ನು ಐವತ್ತು ವರ್ಷ ಎಳೀಬೇಕು."

ನಾನು ನಕ್ಕೆ, ಆಮೇಲೆ ಅತ್ತೆ. ಆ ಏಪ್ರನ್ನನ್ನು ನಾನು ಮನೆಗೆ ತಂದು ತಣ್ಣೀರಿಗೆ ಉಪ್ಪು ಹಾಕಿ ನೆನೆಸಿದ್ದೆ, ತಿಕ್ಕಿದ್ದೆ. ಒಂದು ಕಲೆ ಹೋಗಿರಲಿಲ್ಲ. ತೋರಿಸಿದಾಗ ಅವರು ಕಲೆಯನ್ನು ಬೆರಳಿನಿಂದ ಸವರಿ, "ಈ ಸಲ ನನ್ನದೇ. ಇರ್ಲಿ" ಎಂದರು.

ಅವರು ಮತ್ತೆ ಕತ್ತಿ ಹಿಡಿಯಲಿಲ್ಲ. ಅಂಗಡಿ ಮುಚ್ಚಿತು. ಹೆಂಡತಿ ಎಂದೋ ಹೋಗಿದ್ದರು, ಮಕ್ಕಳಿರಲಿಲ್ಲ. ಆ ಚಳಿಗಾಲವೆಲ್ಲ ಮಧ್ಯಾಹ್ನದ ಊಟ ನಮ್ಮಲ್ಲಿಯೇ. ಸ್ಥಳೀಯ ಪತ್ರಿಕೆಯವರು ಅವರ ಫೋಟೋ ಹಾಕಿ ವೀರ ಎಂದು ಬರೆಯಲು ಬಂದಾಗ ಕಾಲೆಳೆದುಕೊಂಡೇ ಹಿಂದಿನ ಬಾಗಿಲಿನಿಂದ ತಪ್ಪಿಸಿಕೊಂಡರು. ನಾನು ಬರೆಯುವವಳು ಎಂದು ಅವರಿಗೆ ಗೊತ್ತಿತ್ತು. ಒಂದು ದಿನ ಊಟದ ತಟ್ಟೆ ಆಚೆ ಇಟ್ಟು, ಎರಡೂ ಕೈಗಳನ್ನು ಮೇಜಿನ ಮೇಲೆ ಇಟ್ಟುಕೊಂಡರು.

"ನಾನು ಸತ್ತ ಮೇಲೆ ನೀನು ನನ್ನ ಬಗ್ಗೆ ಬರೀತಿ. ನನಗೆ ಗೊತ್ತುಂಟು. ಬರಿ. ಆದ್ರೆ ಕಡೆಯ ಒಂದು ಸಂಜೆ ಮಾತ್ರ ಬರೀಬೇಡ. ಸೇತುವೆಯನ್ನೂ ಬರಿ."

"ಬರೀತೇನೆ, ಧನಿ."

"ಮತ್ತೆ ನನ್ನ ಹೆಸರು ಹಾಕ್ಬೇಡ. ಹಳೇದೂ ಬೇಡ, ಹೊಸದೂ ಬೇಡ. ಹಲಗೆಯದ್ದನ್ನು ಅಜ್ಜನ ಹೆಸರು ಅಂತ ಬೇಕಾದ್ರೆ ಹೇಳು. ಆ ಮನುಷ್ಯನ ಹೆಸರು ಯಾರಿಗಾದ್ರೂ ಸಿಕ್ಕಿದ ದಿನ, ಅವನದ್ದರ ಕೆಳಗೆ ನನ್ನದನ್ನೂ ಬರಿ."

ಫೆಬ್ರವರಿಯಲ್ಲಿ ನಿದ್ದೆಯಲ್ಲೇ ಹೋದರು. ಬೂಟುಗಳನ್ನು ಹಾಸಿಗೆಯ ಪಕ್ಕ ಜೋಡಿಸಿಟ್ಟಿದ್ದರು. ನಮ್ಮ ಮನೆಯವರು ಮಣ್ಣು ಹಾಕುವಾಗ, ಸಾಧು ಮನುಷ್ಯ, ಕೈಯನ್ನು ಬಾಯಿಗೆ ಹಿಡಿದು ಪೋಂ ಎಂದರು. ಪಾದ್ರಿ ಗಾಬರಿಯಾದರು.

ಸೀಳಿದ ಹಲಗೆ ಈಗ ನಮ್ಮ ಅಂಗಡಿಯ ಗೋಡೆಯಲ್ಲಿದೆ, ಅಕ್ಷರ ಜನರಿಗೆ ಕಾಣುವ ಹಾಗೆ. ನೀವು ಜರ್ಮನರೇ ಎಂದು ಗಿರಾಕಿಗಳು ಕೇಳುತ್ತಾರೆ. ನನ್ನ ಗಂಡ ಇಂದು ಜೈಲಿನಲ್ಲಿಲ್ಲ, ಗೋರಿಯಲ್ಲಿಲ್ಲ, ಸಾನ್ನಾದ ಹಿಟ್ಟು ರುಬ್ಬುತ್ತಿದ್ದಾರೆ. ಅದು ಆ ಮುದುಕನ ಋಣ ಎಂದು ನಾನು ಹೇಳುತ್ತೇನೆ. ಆಮೇಲೆ ಸೇತುವೆಯ ಕತೆಯನ್ನೂ ಹೇಳುತ್ತೇನೆ. ಕೆಲವರಿಗೆ ಊಟ ಸೇರುವುದಿಲ್ಲ. ನಮ್ಮ ಕಡೆಯ ವಯಸ್ಸಾದವರು ಯಾರು ಬಂದರೂ, ಐವತ್ತು ವರ್ಷದ ಹಿಂದೆ ಇಲ್ಲಿಯ ರೈಲ್ವೆ ಸೇತುವೆಯ ಅಡಿಯಲ್ಲಿ ಪೆಟ್ಟು ತಿಂದವರು, ಕೈಯಲ್ಲಿ ಸ್ಟೀಲಿನ ಬುತ್ತಿ ಇದ್ದವರು, ನಿಮಗೆ ಯಾರಾದರೂ ಗೊತ್ತೇ ಎಂದು ಕೇಳುತ್ತೇನೆ. ಇದುವರೆಗೆ ಯಾರೂ ಹೆಸರು ಹೇಳಿಲ್ಲ.